ನಾಲೆಗಳಲ್ಲಿ ದೋಣಿಯನ್ನು ಏರಿಸಿ ಇಳಿಸುವ ಲಾಕುಗಳು

ನೀರು ತಗ್ಗಿನ ಕಡೆಗೇ ಹರಿಯುವುದೆಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಹಾಗೆ ತಗ್ಗಿಗೆ ಹರಿಯುವ ನೀರಿನಿಂದಲೇ, ಎತ್ತಿನ ಬಲವಾಗಲಿ ಎಂಜಿನಿನ ಬಲವಾಗಲಿ ಇಲ್ಲದೆ, ನೂರಾರು ಮೂಟೆ ಬತ್ತವನ್ನು ಹೇರಿದ ದೋಣಿಯೊಂದನ್ನು ಎಂಟು ಹತ್ತು ಅಡಿ ಮೇಲಕ್ಕೆ ಎತ್ತಬಹುದೆಂದರೆ ಅನೇಕರು ಒಡನೆಯೇ ನಂಬಲಾರರು. ತುಂಗಭದ್ರೆಯ ದಡದವರು ಹರಿಗೋಲನ್ನು ಬಲ್ಲರು. ಹೊಳೆಯ ಸೆಳವಿನೊಡನೆ ಅದು ಸುಖವಾಗಿ ಕೆಳಕ್ಕೆ ಸಾಗುವುದು; ಹಿಂದಿರುಗುವಾಗ ಅಂಬಿಗನು ಅದನ್ನು ತಲೆಯ ಮೇಲೆ ಹೊತ್ತು ದಡದಲ್ಲಿ ನಡೆಯುವನು. ಹರಿಗೋಲನ್ನೇನೋ ಹೊರಬಹುದು, ಇಪ್ಪತ್ತು ಟನ್ನು ಹೇರಿದ ದೋಣಿಯನ್ನು ಹೊರುವವರಾರು? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಕಟ್ಟಡವೇ ಲಾಕು. ಇಂಗ್ಲಿಷಿನ ಈ ಮಾತನ್ನು ಗೋದಾವರೀ ಸೀಮೆಯ ತೆಲುಗು ಜನರು ತಮ್ಮದನ್ನಾಗಿ ಮಾಡಿಕೊಂಡು ಬಹುಕಾಲವಾಗಿರುವುದರಿಂದ ಈ ಲೇಖನದಲ್ಲಿಯೂ ಅದನ್ನೇ ಬಳಸಿದೆ.

ಇದು ಎಂಜಿನಿಯರುಗಳಿಗೆ ಸೇರಿದ ವಿಷಯ, ವ್ಯವಸಾಯದ ಪತ್ರಿಕೆಗೇಕೆ ಎಂದು ವಾಚಕರು ಕೇಳಬಹುದು. ಲಾಕಿನಲ್ಲಿ ಖರ್ಚಾಗತಕ್ಕ ಪದಾರ್ಥವು ನೀರೇ ಆಗಿರುವುದು ಇದಕ್ಕೆ ಕಾರಣ. ಸೌದೆಯೂ ಇಲ್ಲ, ಕಲ್ಲಿದ್ದಲೂ ಇಲ್ಲ. ದೋಣಿಯೊಂದು ದಾಟಿದಾಗಲೆಲ್ಲ ಮೇಲಣ ನಾಲೆಯಿಂದ ಒಂದು ಗೊತ್ತಾದ ಮೊತ್ತದ ನೀರು ಕೆಳಗಿಳಿಯುತ್ತದೆ. ಒಂದೇ ನಾಲೆಯಿಂದ ಗದ್ದೆಗೂ ದೋಣಿಗೂ ನೀರೊದಗಿಸಬೇಕಾದಾಗ ಈ ಖರ್ಚು ಯಾರ ಲೆಕ್ಕಕ್ಕೆ ಬೀಳುವುದೆಂಬುದು ಬೇಸಾಯಗಾರನು ತಿಳಿದಿರಬೇಕಾದ ಸಂಗತಿ.

ಮಲೆನಾಡಿನಲ್ಲಿ ಬೆಟ್ಟದ ಇಳಿಜಾರಿನ ಮೇಲೆ ಬತ್ತ ಬೆಳೆಯುವ ರೀತಿಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಇಳಿಜಾರಿನಲ್ಲಿ ನೀರು ನಿಲ್ಲದು. ಆದುದರಿಂದ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಒಂದೊಂದು ಮಡಿಯನ್ನೂ ಮಟ್ಟಮಾಡಿ, ಅಂಚಿಗೆ ಬದು ಹಾಕಿ, ಮೇಲಿನ ಮಡಿಯ ನೀರನ್ನು ಗಂಡಿಯ ಮೂಲಕ ಕೆಳಗಿನ ಮಡಿಗೆ ಬಿಡುತ್ತಾರೆ. ದೋಣಿ ನಡೆಯತಕ್ಕ ನಾಲೆಯನ್ನೂ ಹೀಗೆಯೇ ಕಟ್ಟುವರು. ನೆಲವು ಇಳಿಯುತ್ತ ಹೋದಂತೆ ನಾಲೆಯನ್ನು ಉದ್ದಕ್ಕೂ ಜಾರಾಗಿ ಬಿಡದೆ, ಕೆಲವು ಮೈಲಿಗಳ ದೂರ ಹೆಚ್ಚುಕಡಮೆ ಮಟ್ಟವಾಗಿಯೇ ಒಯ್ದು, ಬಳಿಕ ಒಂದೇ ಕಡೆಯಲ್ಲಿ ಆರೋ ಎಂಟೋ ಹತ್ತೋ ಅಡಿ ಕೆಳಕ್ಕೆ ಇಳಿಸಿ, ಮತ್ತೆ ಮಟ್ಟವಾಗಿ ಮುಂದುವರಿಸುತ್ತಾರೆ. ಮಟ್ಟವಾದ ಭಾಗದಲ್ಲಿ ದೋಣಿಯನ್ನು ಇಬ್ಬರು ಆಳುಗಳು ದಡದಿಂದ ಹಗ್ಗ ಹಿಡಿದು ಎಳೆಯಬಲ್ಲರು. ಉಳಿದುದು ಮೆಟ್ಟಿಲನ್ನು ದಾಟಿಸುವ ಕೆಲಸ. ಲಾಕು ಇರುವುದು ಅಲ್ಲಿಯೇ.

ಲಾಕೆಂದರೆ ಕಲ್ಲು ಗಾರೆಯಿಂದ ಕಟ್ಟಿದ ಒಂದು ಉದ್ದನೆಯ ತೊಟ್ಟಿ. ಅದರ ಎರಡು ಪಕ್ಕಗಳಲ್ಲಿ ಎತ್ತರವಾದ ಗೋಡೆಗಳಿರುತ್ತವೆ. ಎರಡು ತುದಿಗಳಲ್ಲಿ ಗೋಡೆಗೆ ಬದಲಾಗಿ ಕದಗಳಿರುತ್ತವೆ. ಮೇಲಣ ಕದಗಳು ಮೇಲಿನ ನಾಲೆಯ ಕಡೆಗೂ ಕೆಳಗಣ ಕದಗಳು ಕೆಳಗಿನ ನಾಲೆಯ ಕಡೆಗೂ ತೆರೆದುಕೊಳ್ಳುವ ದಾರಿಗಳು. ಇವೆರಡನ್ನೂ ಒಂದೇ ಕಾಲದಲ್ಲಿ ತೆರೆಯುವಂತಿಲ್ಲ. ತೊಟ್ಟಿಯೊಳಗಣ ನೀರನ್ನು ಮೇಲಿನ ಮಟ್ಟಕ್ಕಾಗಲಿ ಕೆಳಗಿನ ಮಟ್ಟಕ್ಕಾಗಲಿ ತರುವುದಕ್ಕೆ ಕದಗಳಲ್ಲಿಯೋ ಗೋಡೆಯೊಳಗಣ ಸುರಂಗಗಳಲ್ಲಿಯೋ ಸಣ್ಣ ತೂಬುಗಳಿರುತ್ತವೆ.

ಕೆಳಗಿನಿಂದ ಬಂದ ದೋಣಿ ಮೇಲಕ್ಕೆ ಹೋಗಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ತೊಟ್ಟಿಯ ನೀರು ಕೆಳಗಿನ ನಾಲೆಯ ಮಟ್ಟದಲ್ಲಿರುವಾಗ ಕೆಳಗಣ ಕದಗಳನ್ನು ತೆರೆಯುತ್ತಾರೆ. ದೋಣಿಯು ಒಳಗೆ ಬಂದು ನಿಲ್ಲುತ್ತದೆ. ಅದರ ಹಿಂದೆ ಕದಗಳನ್ನು ಮುಚ್ಚುತ್ತಾರೆ. ಬಳಿಕ ಲಾಕಿನ ಕಾವಲುಗಾರನು ಮೇಲಣ ತೂಬನ್ನು ಸ್ವಲ್ಪ ಸ್ವಲ್ಪವಾಗಿ ಎತ್ತುತ್ತಾನೆ. ಮೇಲಿನ ನಾಲೆಯ ನೀರು ತೊಟ್ಟಿಗೆ ನುಗ್ಗುತ್ತದೆ. ನೀರಿನೊಡನೆ ದೋಣಿಯೂ ಏಳುತ್ತದೆ. ಕೆಲವು ನಿಮಿಷಗಳಲ್ಲಿ ತೊಟ್ಟಿಯ ನೀರೂ ಮೇಲಿನ ನಾಲೆಯ ನೀರೂ ಒಂದೇ ಮಟ್ಟಕ್ಕೆ ಬರುತ್ತವೆ. ಆಗ ಮೇಲಣ ಕದಗಳನ್ನು ತೆರೆದರೆ ದೋಣಿಯು ತನ್ನ ದಾರಿ ಹಿಡಿದು ಹೋಗುತ್ತದೆ. ಇಳಿಯಬೇಕಾದ ದೋಣಿಗೆ ಇದೆಲ್ಲವೂ ಹಿಂದುಮುಂದಾಗಿ ನಡೆಯುವುದು: ತುಂಬಿದ ತೊಟ್ಟಿಯನ್ನು ದೋಣಿ ಹೊಕ್ಕ ಮೇಲೆ ಕೆಳಗಣ ತೂಬಿನಿಂದ ನೀರನ್ನು ಹೊರಗೆ ಬಿಡುತ್ತಾರೆ. ಇಳಿಯುವಾಗ ದೋಣಿಯನ್ನು ಗೋಡೆಯ ಗೂಟಕ್ಕೆ ಬಿಗಿಯಾಗಿ ಕಟ್ಟಿರಬಾರದು. ನೀರು ಕೆಳಗಿಳಿದು ದೋಣಿ ಹಗ್ಗದಲ್ಲಿ ನೇತಾಡಿ ಮಗುಚಿಕೊಳ್ಳುವ ಅಪಾಯ ಉಂಟು.

ದೋಣಿಯು ಹಗುರವಾಗಿದ್ದರೂ ಭಾರವಾಗಿದ್ದರೂ ಎತ್ತುವ ಶ್ರಮ ಕಾವಲುಗಾರನಿಗೆ ಒಂದೇ. ಅವನು ಎತ್ತುವುದು ತೂಬಿನ ಹಲಗೆಯನ್ನು ಮಾತ್ರ.

ಕದಗಳ ವಿಷಯದಲ್ಲಿ ಒಂದು ಯುಕ್ತಿಯನ್ನು ಗಮನಿಸಬೇಕು. ಮುಚ್ಚಿದಾಗ ಎರಡು ಕದಗಳೂ ಒಂದೇ ಸಾಲಿನಲ್ಲಿ ನಿಲ್ಲದೆ, ಮೇಲಿನ ನೀರಿನ ಕಡೆಗೆ ಚೂಪಾದ ಮೊನೆಯಾಗಿ ಕೂಡುತ್ತವೆ. ನೀರು ಒತ್ತಿದಷ್ಟೂ ಅವು ಒಂದನ್ನೊಂದು ಬಿಗಿಯಾಗಿ ಅದುಮಿಕೊಳ್ಳುತ್ತವೆ. ಅಗುಳಿ ಬೇಕಾಗಿಯೇ ಇಲ್ಲ. ಇಪ್ಪತ್ತು ಅಡಿ ಅಗಲದ ಲಾಕಿನ ಕೆಳಗಣ ಕದಗಳಲ್ಲಿ ಒಂದು ಕಡೆಗೂ ಇನ್ನೊಂದು ಕಡೆಗೂ ಎಂಟಡಿ ನೀರಿನ ವ್ಯತ್ಯಾಸವಿದ್ದು, ಕೆಳಗಡೆ ಆರಡಿ ನೀರಿದ್ದರೆ, ಒಂದೊಂದು ಕದದ ಮೇಲೆ ಬೀಳುವ ಒತ್ತಡವು ೨೦ ಟನ್ನುಗಳಿಗೂ ಮಿಕ್ಕುವುದು. ಎರಡು ಆನೆಗಳು ಜಗ್ಗಿದರೂ ಅದು ತೆರೆಯದು. ಎರಡು ಕಡೆಯ ನೀರೂ ಸಮವಾದ ಕೂಡಲೇ ಅದೇ ಕದವನ್ನು ಉದ್ದವಾದ ತೊಲೆಗೆ ಬೆನ್ನು ಕೊಟ್ಟು ಒಬ್ಬಿಬ್ಬರು ತಳ್ಳಿ ತೆರೆಯಬಲ್ಲರು. ಮಟ್ಟ ಸಮವಾಗುವುದಕ್ಕೆ ಮುಂಚೆ ಅವಸರಪಟ್ಟು ತೆರೆಯಲು ಹೊರಟವನನ್ನು ಕದವೇ ತಡೆಯುವುದರಿಂದ ಈ ಏರ್ಪಾಡಿನಲ್ಲಿ ಅಜಾಗರೂಕತೆಗೆ ಅಷ್ಟಾಗಿ ಎಡೆಯಿಲ್ಲ.

ಈ ಮೊನೆಗದಗಳ ಚಿತ್ರವು ಇಟಲಿಯ ಲಿಯೊನಾರ್ದೊ ದಾ ವಿಂಚಿಯ ಹಸ್ತಪ್ರತಿಗಳಲ್ಲಿದೆ. ೧೫ನೆಯ ಶತಮಾನದ ಕೊನೆಯಲ್ಲಿ ಮಿಲಾನ್ ನಗರದ ನಾಲೆಗಳಲ್ಲಿ ಇವು ಬಳಕೆಗೆ ಬಂದವು. ತೊಟ್ಟಿಯ ಯುಕ್ತಿಯಾದರೋ ಅದಕ್ಕಿಂತ ಐನೂರು ವರ್ಷ ಹಿಂದಿನದು, ಚೀನಾದೇಶದ್ದು. ಅದು ಹುಟ್ಟಿದ್ದು ಧಾನ್ಯದ ಸಾಗಣೆಗಾಗಿ. ಅಲ್ಲಿ ಕಂದಾಯದ ಧಾನ್ಯವನ್ನು ನಾಲೆಯ ಮೂಲಕ ಸಾಗಿಸುವಾಗ ಮಟ್ಟ ಬದಲಾಗುವ ಕಡೆಗಳಲ್ಲಿ ದೋಣಿಗಳನ್ನು ಇಳಿಜಾರಾದ ಕಟ್ಟೆಯ ಮೇಲೆ ಎಳೆದು ದಾಟಿಸುತ್ತಿದ್ದರು. ಎಳೆತಕ್ಕೆ ದೋಣಿಗಳು ಒಡೆಯುತ್ತಿದ್ದವು. ಒಡೆದ ದೋಣಿಯ ಧಾನ್ಯವು ಕಳ್ಳರ ಪಾಲಾಗುತ್ತಿತ್ತು. ಸಾಗಣೆಯ ಅಧಿಕಾರಿಯಾಗಿದ್ದ ಚ್ಯಾವ್ ವೈಯುವೆ ಎಂಬಾತನು ಕ್ರಿ.ಶ. ೯೮೪ರಲ್ಲಿ ಐವತ್ತು ಹೆಜ್ಜೆಯ ಅಂತರದಲ್ಲಿ ಎರಡು ಬಾಗಿಲುಗಳನ್ನು ಕಟ್ಟಿಸಿ ನಡುವೆ ನೀರು ನಿಲ್ಲಿಸಿದನು. ಸರ್ಕಾರಿ ಧಾನ್ಯ ಸೋರುವುದನ್ನು ತಡೆಯಲು ಹೊರಟು ಲೋಕಕ್ಕೆಲ್ಲ ಉಪಯೋಗವಾದ ಯಂತ್ರವನ್ನು ಕೊಟ್ಟ ಈತನ ಹೆಸರು ಇನ್ನಷ್ಟು ಪ್ರಸಿದ್ಧವಾಗಬೇಕಾಗಿತ್ತೆಂದು ತೋರುತ್ತದೆ.

ಇನ್ನು ನೀರಿನ ಲೆಕ್ಕಕ್ಕೆ ಬರೋಣ. ತೊಟ್ಟಿಯು ೧೫೦ ಅಡಿ ಉದ್ದ, ೨೦ ಅಡಿ ಅಗಲವಾಗಿದ್ದು, ಮೆಟ್ಟಿಲು ೮ ಅಡಿಯದಾಗಿದ್ದರೆ, ಒಂದು ಸಲ ತುಂಬಿ ಬರಿದು ಮಾಡುವುದಕ್ಕೆ ೨೪,೦೦೦ ಘನ ಅಡಿ ನೀರು ಬೇಕು. ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಲ್ಲಿಸಲು ೩,೬೩೦ ಘನ ಅಡಿ ಸಾಕಾಗುವುದರಿಂದ, ಒಂದು ತೊಟ್ಟಿ ನೀರು ಎರಡೆರಡು ಅಂಗುಲದಂತೆ ಮೂರು ಎಕರೆಗೂ ಹೆಚ್ಚಿನ ಗದ್ದೆಯನ್ನು ಒಂದಾವರ್ತಿ ನೆನೆಯಿಸುವುದು. ದಿನಕ್ಕೆ ಹತ್ತು ತೊಟ್ಟಿ ಎಂದರೆ ಹಗಲಿರುಳೂ ಹರಿಯುವ ೨¾ ಕ್ಯೂಸೆಕ್ ನೀರಿಗೆ ಸಮ. ಕ್ಯೂಸೆಕ್ಕಿಗೆ ೫೦ ಎಕರೆ ಬತ್ತವೆಂದು ಹಿಡಿದರೆ ಇದು ಸುಮಾರು ೧೪೦ ಎಕರೆಯ ನೀರಾಯಿತು. ದೋಣಿಯಲ್ಲಿ ಏನಿದೆ, ಎಷ್ಟಿದೆ ಎಂಬುದರಿಂದ ಈ ಮೊತ್ತವು ಹೆಚ್ಚು ಬದಲಾಗುವುದಿಲ್ಲ. ಬರಿಯ ದೋಣಿಗೂ ಒಂದು ತೊಟ್ಟಿಯೇ. ಸೂಕ್ಷ್ಮವಾಗಿ ನೋಡಿದರೆ, ಇಳಿಯುವ ದೋಣಿಯು ತನ್ನ ತೂಕದಷ್ಟು ನೀರನ್ನು ಮೇಲೆ ಉಳಿಸಿ ಬರುವುದು, ಏರುವ ದೋಣಿಯು ತನ್ನ ತೂಕದಷ್ಟನ್ನು ಹೆಚ್ಚಾಗಿ ಇಳಿಸುವುದು. ಬತ್ತ ಹೇರಿ ರೇವಿಗೆ ಇಳಿದು ಖಾಲಿಯಾಗಿ ಹಿಂದಿರುಗುವ ದೋಣಿಗಳು ಈ ದೃಷ್ಟಿಯಿಂದ ನಾಲೆಗೆ ಸ್ವಲ್ಪ ಉಪಕಾರಿಗಳೇ.

ಖರ್ಚನ್ನು ತಗ್ಗಿಸುವ ಸುಲಭೋಪಾಯವೊಂದುಂಟು. ಏರುವ ದೋಣಿಯನ್ನು ಮೇಲಕ್ಕೆ ಕಳುಹಿಸಿದಾಗ ತೊಟ್ಟಿ ತುಂಬಿಯೇ ಇರುತ್ತದೆ. ಆಗಲೇ ಮೇಲಿನಿಂದ ಇಳಿಯುವ ದೋಣಿಯೊಂದನ್ನು ಒಳಕ್ಕೆ ಬಿಟ್ಟುಕೊಂಡರೆ ಒಂದೇ ತೊಟ್ಟಿ ನೀರಿನಲ್ಲಿ ಎರಡು ದೋಣಿಗಳ ಕೆಲಸವಾಗುವುದು. ಒಂದರ ಹಿಂದೊಂದಾಗಿ ಏರುವ ದೋಣಿಗಳನ್ನೇ ಬಿಡುತ್ತ ಹೋದರೆ ಒಂದೊಂದಕ್ಕೂ ಒಂದೊಂದು ತೊಟ್ಟಿ ಹೋಗುವುದು. ಆದುದರಿಂದ ನೀರು ಕಡಮೆಯಾದ ಕಾಲದಲ್ಲಿ ಎದುರು ದೋಣಿ ಬರುವ ತನಕ ಅಂಬಿಗರನ್ನು ಕಾಯಿಸುವುದು ಸರಿಯಾದ ಕ್ರಮ. ಅಂಬಿಗರಿಗೆ ಅದು ಹಿಡಿಸದಿರುವುದೂ ಸಹಜ.

ಹೀಗೆ ಇಳಿದ ನೀರು ಎಲ್ಲಿಗೆ ಹೋಗುವುದೆಂಬುದೇ ರೈತನು ಕೇಳಬೇಕಾದ ಮುಖ್ಯ ಪ್ರಶ್ನೆ. ಮಧ್ಯ ಅಮೆರಿಕದ ಪನಾಮಾ ನಾಲೆಯಲ್ಲಿ ಅದು ಸಮುದ್ರಕ್ಕೆ ಹೋಗುತ್ತದೆ. ೧೯೧೪ರಲ್ಲಿ ತೆರೆಯಲ್ಪಟ್ಟ ಆ ನಾಲೆಯಲ್ಲಿ ಹಡಗುಗಳು ಒಂದು ಸಾಗರದಿಂದ ಸುಮಾರು ೨೬ ಮೀಟರು ಮೇಲೇರಿ, ಗಟೂನ್ ಎಂಬ ಸಿಹಿನೀರಿನ ಕೃತಕ ಸರೋವರವನ್ನು ದಾಟಿ, ಇನ್ನೊಂದು ಸಾಗರಕ್ಕೆ ಇಳಿಯುತ್ತವೆ. ಹಳೆಯ ಲಾಕುಗಳಲ್ಲಿ ಒಂದು ಹಡಗು ದಾಟುವುದಕ್ಕೆ ಸುಮಾರು ೨೦ ಕೋಟಿ ಲೀಟರು ಸಿಹಿನೀರು ವ್ಯಯವಾಗುತ್ತದೆ. ನಮ್ಮ ಲೆಕ್ಕದಲ್ಲಿ ಎರಡು ಅಂಗುಲದಂತೆ ಸಾವಿರ ಎಕರೆಗೆ ಸಮೀಪವಾದ ನೀರು. ೨೦೧೬ರಲ್ಲಿ ಕಟ್ಟಿದ ಹೊಸ ಲಾಕುಗಳಲ್ಲಿ ಪಕ್ಕದ ಕೊಳಗಳಿಗೆ ನೀರನ್ನು ತಿರುಗಿಸಿಟ್ಟುಕೊಂಡು ಶೇಕಡ ೬೦ರಷ್ಟನ್ನು ಮತ್ತೆ ಬಳಸುವ ಏರ್ಪಾಡಿದೆ. ಆದರೂ ೨೦೨೩ರಲ್ಲಿ ಮಳೆ ತಪ್ಪಿ ಸರೋವರವು ಇಳಿದುದರಿಂದ, ದಿನಕ್ಕೆ ೩೬ರಷ್ಟು ಹೋಗುತ್ತಿದ್ದ ಹಡಗುಗಳನ್ನು ಆ ವರ್ಷದ ಕೊನೆಯ ಹೊತ್ತಿಗೆ ೨೪ರ ಆಸುಪಾಸಿಗೆ ಇಳಿಸಬೇಕಾಯಿತು. ಪನಾಮಾ ನಗರದ ಕುಡಿಯುವ ನೀರಿಗೂ ಆ ಸರೋವರವು ಆಧಾರವಾಗಿರುವುದು ಕಷ್ಟವನ್ನು ಹೆಚ್ಚಿಸಿತು.

ಗೋದಾವರಿಯ ಮುಖಜಭೂಮಿಯಲ್ಲಿ ಸಂಗತಿ ಬೇರೆ. ಸರ್ ಆರ್ಥರ್ ಕಾಟನ್ನರು ೧೮೪೭ರಲ್ಲಿ ಆರಂಭಿಸಿ ೧೮೫೨ರಲ್ಲಿ ಮುಗಿಸಿದ ಧವಳೇಶ್ವರದ ಅಣೆಕಟ್ಟು ಹೊಳೆಯ ನಾಲ್ಕು ಕವಲುಗಳನ್ನು ಅಡ್ಡಗಟ್ಟಿತು. ಅಲ್ಲಿಂದ ಹೊರಟ ದೊಡ್ಡ ನಾಲೆಗಳನ್ನು ಮೊದಲಿಂದಲೇ ದೋಣಿ ನಡೆಯುವಂತೆ ಕಟ್ಟಿದರು. ಮೆಟ್ಟಿಲಿರುವೆಡೆ ಒಂದು ಪಕ್ಕದಲ್ಲಿ ಲಾಕು, ಅದರ ಮಗ್ಗುಲಲ್ಲಿ ಬೇಸಾಯದ ನೀರು ಇಳಿಯುವುದಕ್ಕೆ ಬೇರೆ ದಾರಿ. ಲಾಕಿನಿಂದ ಇಳಿದ ತೊಟ್ಟಿ ನೀರು ಕೆಳಗಿನ ಹಂತದ ನಾಲೆಯನ್ನೇ ಸೇರುತ್ತದೆ; ಆ ಹಂತದ ತೂಬುಗಳಿಂದ ಗದ್ದೆಗೆ ಹೋಗುತ್ತದೆ. ಹೇಗೂ ಕೆಳಗಿನ ಗದ್ದೆಗಳಿಗೆ ಇಳಿಯಲೇಬೇಕಾಗಿದ್ದ ನೀರು ದಾರಿಯಲ್ಲಿ ದೋಣಿಯೊಂದನ್ನು ಎತ್ತಿಕೊಟ್ಟು ಹೋಗುವುದರಿಂದ ರೈತನಿಗೆ ನಷ್ಟವೇನೂ ಇಲ್ಲ. ೧೮೩೩ರ ಕ್ಷಾಮದಲ್ಲಿ ಹಾಳುಬಿದ್ದಿದ್ದ ಆ ಸೀಮೆಯ ಬತ್ತ ಬೆಲ್ಲಗಳು ಕಾಕಿನಾಡದ ರೇವಿಗೂ, ಏಲೂರು ನಾಲೆಯ ಮೂಲಕ ಕೃಷ್ಣಾನದಿಯ ಕಡೆಗೂ ದೋಣಿಗಳಲ್ಲಿ ಹೋದವು. ರಸ್ತೆ ರೈಲುಗಳು ಬೆಳೆದ ಮೇಲೆ ಸಾಗಣೆ ಕುಗ್ಗಿಹೋಯಿತು. ಹಳೆಯ ಅಣೆಕಟ್ಟಿನ ಜಾಗದಲ್ಲಿ ಈಗ ಕಾಟನ್ನರ ಹೆಸರಿನ ಹೊಸ ಬ್ಯಾರೇಜು ಇದೆ.

ಗೋದಾವರಿಯಲ್ಲಿ ಕೂಡಿಬಂದುದು ಎಲ್ಲೆಡೆಯೂ ಕೂಡಿಬರಲಾರದು. ಬೇಸಾಯದ ನಾಲೆಗೆ ತಕ್ಕಷ್ಟು ಇಳಿಜಾರು ಬೇಕು. ಇಲ್ಲದಿದ್ದರೆ ಹೊಳೆಯ ಮೆಕ್ಕಲು ನಾಲೆಯಲ್ಲಿಯೇ ಕುಳಿತು ಪಾತ್ರವನ್ನು ತುಂಬುವುದು, ಕಳೆ ಬೆಳೆಯುವುದು. ದೋಣಿಯ ನಾಲೆಗೆ ನಿಂತ ನೀರೇ ಹಿತ. ಬೇಸಾಯಗಾರನಿಗೆ ಬೆಳೆ ಕಾಲದಲ್ಲಿ ನೀರು ಸಾಕು. ಬೇಸಗೆಯಲ್ಲಿ ನಾಲೆ ಮುಚ್ಚಿ ಹೂಳು ತೆಗೆಸುವುದನ್ನೇ ಅವನು ಬಯಸುವನು. ದೋಣಿಯವನಿಗೆ ವರ್ಷವಿಡೀ ಐದಾರು ಅಡಿ ಆಳದ ನೀರು ನಿಂತಿರಬೇಕು. ಇದರ ಜೊತೆಗೆ ದೋಣಿಯ ಅಲೆಗಳಿಗೆ ಮಣ್ಣಿನ ಏರಿಗಳು ಕುಸಿಯುವುದುಂಟು. ತಗ್ಗಾದ, ಮಟ್ಟವಾದ, ದೊಡ್ಡ ಹೊಳೆಯ ಮುಖದಲ್ಲಿರುವ ನಾಡಿನಲ್ಲಿ ಈ ವಿರೋಧಗಳನ್ನು ಹೇಗೋ ಸರಿದೂಗಿಸಬಹುದು. ಪ್ರಸ್ಥಭೂಮಿಯಲ್ಲಿ ಅದು ಕಷ್ಟವೆಂಬುದಕ್ಕೆ ನಮ್ಮ ತುಂಗಭದ್ರೆಯೇ ಸಾಕ್ಷಿ.

೧೮೫೮ರಲ್ಲಿ ಲಂಡನ್ನಿನಲ್ಲಿ ಮದರಾಸು ನೀರಾವರಿ ಮತ್ತು ನಾಲೆ ಕಂಪನಿಯು ಹತ್ತು ಲಕ್ಷ ಪೌಂಡುಗಳ ಬಂಡವಾಳದಿಂದ ಸ್ಥಾಪಿತವಾಯಿತು. ಬಂಡವಾಳಕ್ಕೆ ಶೇಕಡ ೫ರ ಬಡ್ಡಿಯನ್ನು ಸರ್ಕಾರವು ಖಾತ್ರಿಮಾಡಿತ್ತು. ಕಂಪನಿಯವರು ಕರ್ನೂಲಿಗೆ ಮೇಲುಗಡೆ ಸುಂಕೇಶುಲದ ಬಳಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ, ಕೃಷ್ಣಾ ಮತ್ತು ಪೆನ್ನಾರು ನದಿಗಳ ನಡುವಣ ದಿಣ್ಣೆಯನ್ನು ಮಿತ್ತಕಂದಾಲದಲ್ಲಿ ಆಳವಾಗಿ ಕಡಿದು, ಕಡಪೆಯ ತನಕ ೧೯೦ ಮೈಲಿಯಷ್ಟು ಉದ್ದದ ನಾಲೆಯನ್ನು ಲಾಕುಗಳ ಸಮೇತ ಕಟ್ಟಿಸಿದರು. ನೆಲ್ಲೂರಿನವರೆಗೆ ಒಯ್ಯಬೇಕೆಂದಿದ್ದ ನಾಲೆ ಕಡಪೆಯಲ್ಲಿಯೇ ನಿಂತಿತು. ದೋಣಿಗಾಗಿ ನಾಲೆಯನ್ನು ಅಗಲವಾಗಿ ಆಳವಾಗಿ ತೋಡಿ, ಲಾಕುಗಳನ್ನು ಕಟ್ಟಿ ಹಣವೆಲ್ಲ ತೀರಿದ ಹೊತ್ತಿಗೆ, ೧೮೭೧ರಲ್ಲಿ, ಮದರಾಸಿನಿಂದ ರಾಯಚೂರಿಗೆ ರೈಲು ಬಂದಿತು. ಅಣೆಕಟ್ಟಿನ ಹಿಂದೆ ನೀರು ಕೂಡಿಡುವ ಜಲಾಶಯವಿಲ್ಲದುದರಿಂದ ಬೇಸಗೆಯಲ್ಲಿ ಹೊಳೆ ಬತ್ತಿದಂತೆ ನಾಲೆಯೂ ಬತ್ತುವುದಾಯಿತು.

ರೈತರು ನೀರು ಕೊಳ್ಳಲಿಲ್ಲವೆಂದು ಆ ಕಾಲದವರು ಬಹಳವಾಗಿ ದೂರಿದರು. ವ್ಯವಸಾಯದ ದೃಷ್ಟಿಯಿಂದ ನೋಡಿದರೆ ರೈತರದು ತಪ್ಪೆಂದು ಹೇಳಲಾಗದು. ಕರ್ನೂಲು ಕಡಪೆಗಳ ಎರೆಯ ಭೂಮಿಯು ಒಂದು ಹದಮಳೆಯನ್ನು ಹೀರಿಕೊಂಡು ತಿಂಗಳುಗಟ್ಟಲೆ ತೇವವನ್ನು ಹಿಡಿದಿಡುವುದು. ಜೋಳವೂ ಹತ್ತಿಯೂ ಸಾಧಾರಣ ವರ್ಷಗಳಲ್ಲಿ ಮಳೆಯಿಂದಲೇ ಬರುವುವು. ಅಂತಹ ಮಣ್ಣಿಗೆ ನಾಲೆಯ ನೀರನ್ನು ಹರಿಯಬಿಟ್ಟರೆ ಬಸಿಗಾಲುವೆಯಿಲ್ಲದೆ ಅದು ಜೌಗಾಗುವುದು. ಅದಕ್ಕಾಗಿ ನೀರಿನ ಕಂದಾಯವನ್ನೂ ತೆರಬೇಕು! ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಅದೇ ರೈತರು ನೀರಿಗೆ ಮುಂದೆ ಬಂದರು. ಮಳೆ ಮರಳಿದಾಗ ಮತ್ತೆ ಹಿಂದೆ ಸರಿದರು. ಗದ್ದೆಯ ಆದಾಯವೂ ಇಲ್ಲ, ದೋಣಿಯ ಆದಾಯವೂ ಇಲ್ಲವೆಂದಾಗಿ ೧೮೮೨ರಲ್ಲಿ ಸರ್ಕಾರವೇ ನಾಲೆಯನ್ನು ಕೊಂಡುಕೊಂಡಿತು. ೧೯೩೩ರಲ್ಲಿ ದೋಣಿಯ ಸಂಚಾರವನ್ನು ನಿಲ್ಲಿಸಿದರು. ನಾಲೆಯು ಬೇಸಾಯಕ್ಕಾಗಿ ಇಂದಿಗೂ ಹರಿಯುತ್ತಿದೆ.

ಕಾಟನ್ನರ ಆಸೆ ಇಷ್ಟಕ್ಕೇ ನಿಂತಿರಲಿಲ್ಲ. ೧೮೭೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಅವರು ಸೂಚಿಸಿದ ಜಲಮಾರ್ಗಗಳಲ್ಲಿ ತುಂಗಭದ್ರೆಯನ್ನು ಹಿಡಿದು ಮೇಲೇರಿ ಕಾರವಾರಕ್ಕೆ ಇಳಿಯುವ ದಾರಿಯೂ ಒಂದು. ಅದು ಕೈಗೂಡಲಿಲ್ಲ. ಹುಬ್ಬಳ್ಳಿಯ ಕಡೆಯ ನೆಲವು ಸಮುದ್ರಕ್ಕಿಂತ ಸುಮಾರು ೨,೦೦೦ ಅಡಿ ಎತ್ತರದಲ್ಲಿದೆ. ಹತ್ತಡಿಗೊಂದರಂತೆ ಲಾಕುಗಳನ್ನು ಕಟ್ಟಿದರೂ ಘಟ್ಟ ಇಳಿಯುವುದಕ್ಕೇ ಇನ್ನೂರು ಬೇಕಾಗುತ್ತಿದ್ದವು. ಮೇಲಣ ತುದಿಯಲ್ಲಿ, ಅಂದರೆ ನೀರು ಅತ್ಯಂತ ದುರ್ಲಭವಾದ ಕಡೆಯಲ್ಲಿ, ಒಂದೊಂದು ದೋಣಿಗೂ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ತೊಟ್ಟಿ ನೀರನ್ನು ಕೊಡಬೇಕಾಗುತ್ತಿತ್ತು. ಪಶ್ಚಿಮಕ್ಕೆ ಹೋದುದು ಪನಾಮಾದಲ್ಲಿರುವಂತೆ ಸಮುದ್ರದ ಪಾಲೇ.

ಈ ಹಳೆಯ ಕತೆಗೆ ಈಗ ಹೊಸದೊಂದು ಅಧ್ಯಾಯ ಸೇರಿದೆ. ೨೦೧೬ರ ರಾಷ್ಟ್ರೀಯ ಜಲಮಾರ್ಗಗಳ ಕಾಯಿದೆಯು ದೇಶದಲ್ಲಿ ಒಟ್ಟು ೧೧೧ ಜಲಮಾರ್ಗಗಳನ್ನು ಹೆಸರಿಸಿದ್ದು, ಅವುಗಳಲ್ಲಿ ತುಂಗಭದ್ರೆಯೂ ಭೀಮೆಯೂ ಸೇರಿವೆ. ಕಾಯಿದೆಯಲ್ಲಿ ಹೆಸರು ಬಂದಮಾತ್ರಕ್ಕೆ ದೋಣಿ ನಡೆಯುವುದಿಲ್ಲ. ಆದರೆ ಮುಂದೆ ಎಲ್ಲಿಯಾದರೂ ಅಣೆಕಟ್ಟಿನ ಪಕ್ಕದಲ್ಲಿ ಲಾಕು ಕಟ್ಟುವ ಆಲೋಚನೆ ಹುಟ್ಟಿದರೆ, ಅಚ್ಚುಕಟ್ಟಿನ ರೈತರು ನಕ್ಷೆಯಲ್ಲಿ ಎರಡು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಬೇಕು. ತೊಟ್ಟಿಯಿಂದ ಇಳಿಯುವ ನೀರು ಬೇಸಾಯದ ನಾಲೆಗೆ ಬೀಳುವುದೋ, ತೂಬಿಲ್ಲದ ಹೊಳೆಯ ಪಾತ್ರಕ್ಕೆ ಬೀಳುವುದೋ ಎಂಬುದು ಒಂದು. ಬೇಸಗೆಯಲ್ಲಿ ದೋಣಿಗೆ ಬೇಕಾದ ಆಳವನ್ನು ಯಾವ ಜಲಾಶಯದಿಂದ ನಿಲ್ಲಿಸುವರೆಂಬುದು ಇನ್ನೊಂದು. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವು ೧೯೫೩ರಲ್ಲಿ ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಅದು ೧೦೫ ಟಿ.ಎಂ.ಸಿ.ಯ ಸುಮಾರಿಗೆ ಇಳಿದಿದೆ, ಎಡದಂಡೆ ಬಲದಂಡೆಗಳ ಬತ್ತದ ಗದ್ದೆಗಳೆಲ್ಲವೂ ಅದನ್ನೇ ನಂಬಿಕೊಂಡಿವೆ.